ಮಳೆ ಕಮ್ಮಿ ಇದ್ದ ವರ್ಷವೇ ಚಳಿಜ್ವರ ಯಾಕೆ?

ಪ್ರಶ್ನೆ: ನಮ್ಮೂರು ಮದ್ದೂರು ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿದೆ. ಈ ಸಲ ಮಳೆ ಕಮ್ಮಿ, ನಾಲೆಗೂ ಕಟ್ಟು ನೀರು, ಅಂದರೆ ಸರದಿಯಂತೆ ಬಿಟ್ಟು ನಿಲ್ಲಿಸುವ ನೀರು. ಆದರೂ ನಮ್ಮ ಬೀದಿಯಲ್ಲಿ ಮೂವರಿಗೆ ಮಲೇರಿಯಾ ಬಂದಿದೆ. ರಕ್ತ ಪರೀಕ್ಷೆಯಲ್ಲಿ ವೈವ್ಯಾಕ್ಸ್ ಅನ್ನುವ ಬಗೆಯ ಮಲೇರಿಯಾ ಅಂತ ಬರೆದಿದ್ದಾರೆ. ಮೇಲಿನ ಊರಲ್ಲಿ ಗದ್ದೆ ತುಂಬಾ ನೀರಿದೆ, ಅಲ್ಲಿ ಒಬ್ಬರಿಗೂ ಇಲ್ಲ. ಮಳೆ ಜಾಸ್ತಿಯಾದರೆ ಅಲ್ವಾ ಮೇಡಂ ಮಲೇರಿಯಾ ಬರೋದು? ನಮ್ಮ ತಾತ ‘ನಾಲೆ ಬಂತು, ಅನ್ನ ಬಂತು, ಜೊತೇಲಿ ಚಳಿಜ್ವರಾನೂ ಬಂತು’ ಅನ್ನುತ್ತಿದ್ದರು. ಅದು ನಿಜವೇ? ನಾವು ರೇಷ್ಮೆ ಸಾಕುವವರು, ಮನೆಗೆ ಔಷಧಿ ಹೊಡೆಸಲು ಭಯ. ಇನ್ನೊಂದು, ದನಗಳನ್ನು ಮನೆಯಿಂದ ದೂರ ಕಟ್ಟಿದರೆ ಒಳ್ಳೆಯದೇ?

ಉತ್ತರ: ನಿಮ್ಮ ತಾತ ಹೇಳಿದ್ದು ನಿಜ. ಅಲ್ಲಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಿಮ್ಮ ಉಳಿದ ಪ್ರಶ್ನೆಗಳ ಉತ್ತರವೂ ಆ ಮಾತಿನಲ್ಲೇ ಇದೆ.

ಮಂಡ್ಯ ಸೀಮೆ ಮೊದಲು ರಾಗಿ, ಹುರುಳಿ, ಜೋಳದ ಒಣ ನೆಲ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಅದೂ ಬಹುಪಾಲು ಮೇ ತಿಂಗಳಲ್ಲಿ ಒಂದಿಷ್ಟು, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಒಂದಿಷ್ಟು. ಕನ್ನಂಬಾಡಿ ಕಟ್ಟೆಯ (ಕೆಆರ್‌ಎಸ್) ಕೆಲಸ 1911ರಲ್ಲಿ ಶುರುವಾಯಿತು. 1930ರ ದಶಕದ ಆರಂಭದಲ್ಲಿ ಹುಲಿಕೆರೆ ಸುರಂಗ ದಾಟಿ ನಾಲೆ ನೀರು ಈ ಬಯಲಿಗೆ ಬಂತು. ಆಗ ಅದರ ಹೆಸರು ಇರ್ವಿನ್ ನಾಲೆ. ಗದ್ದೆ ಬಂತು, ಕಬ್ಬು ಬಂತು, 1933ರಲ್ಲಿ ಸಕ್ಕರೆ ಕಂಪನಿ ಬಂತು. ಹಿಂದೆಯೇ ಜ್ವರವೂ ಬಂತು. ನಾಲೆಯ ಆಚೀಚೆ ಊರುಗಳಲ್ಲಿ ಮಕ್ಕಳ ಹೊಟ್ಟೆಯ ಎಡಗಡೆ ಗುಲ್ಮ ಊದಿಕೊಳ್ಳುತ್ತಿತ್ತು. ಹಳಬರು ಅದನ್ನು ಜ್ವರಗೆಡ್ಡೆ ಅನ್ನುತ್ತಿದ್ದರು. ಆ ಕಾಲದ ವೈದ್ಯರು ಊರೂರಿಗೆ ಹೋಗಿ ಮಕ್ಕಳ ಹೊಟ್ಟೆ ಮುಟ್ಟಿ, ಎಷ್ಟು ಮಕ್ಕಳಿಗೆ ಗೆಡ್ಡೆ ಇದೆ ಅನ್ನುವುದರ ಮೇಲೆ ಆ ಊರಿನ ಮಲೇರಿಯಾ ಅಳೆಯುತ್ತಿದ್ದರು. ಮೈಸೂರು ಸಂಸ್ಥಾನ 1920ರ ದಶಕದ ಕೊನೆಯಲ್ಲೇ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನ ಶುರು ಮಾಡಿತ್ತು.

ಇನ್ನೂ ಹಿಂದಕ್ಕೆ ಹೋದರೆ ಶ್ರೀರಂಗಪಟ್ಟಣ ಇದೆ. 1799ರ ನಂತರ ಅಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೈನಿಕರಿಗೆ ಜ್ವರದ ಕಾಟ ತಡೆಯಲಾಗಲಿಲ್ಲ. 1809ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದು ಹಾಗೆ. ಆಗ ಸೊಳ್ಳೆಯಿಂದ ಜ್ವರ ಬರುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಜೀವಿಯನ್ನು ಕಂಡಿದ್ದು 1897ರಲ್ಲಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಮಳೆ ಜಾಸ್ತಿಯಾದರೆ ಮಲೇರಿಯಾ ಜಾಸ್ತಿ ಅನ್ನುವುದು ಅರ್ಧ ಸತ್ಯ. ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಮಲೇರಿಯಾ ಹರಡುವುದು ಅನಾಫಿಲಿಸ್ ಕ್ಯುಲಿಸಿಫೇಸಿಸ್ ಅನ್ನುವ ಸೊಳ್ಳೆ. ಅದಕ್ಕೆ ಬೇಕಾದ ನೀರು ಎಂಥದ್ದು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ನೀರು ತಿಳಿಯಾಗಿರಬೇಕು, ಬಿಸಿಲು ಬೀಳಬೇಕು, ನಿಂತಿರಬೇಕು ಅಥವಾ ಹರಿದೂ ಹರಿಯದಂತಿರಬೇಕು. ಹಾಗೇ ಒಂದು ಎಂಟು–ಹತ್ತು ದಿನ ಉಳಿಯಬೇಕು. ಅಷ್ಟಿದ್ದರೆ ಮೊಟ್ಟೆ ಮರಿಯಾಗಿ, ಮರಿ ಸೊಳ್ಳೆಯಾಗಿ ಹಾರುತ್ತದೆ. ಚರಂಡಿಯ ಕಪ್ಪು ನೀರು ಅದಕ್ಕೆ ಆಗುವುದಿಲ್ಲ. ಅಲ್ಲಿ ಬೆಳೆಯುವುದು ಬೇರೆ ಜಾತಿ, ಕ್ಯೂಲೆಕ್ಸ್. ರಾತ್ರಿಯೆಲ್ಲ ಕಿವಿ ಹತ್ತಿರ ಗುಂಯ್ ಅನ್ನುವುದು ಹೆಚ್ಚಾಗಿ ಅದೇ, ಅದು ಮಲೇರಿಯಾ ತರುವುದಿಲ್ಲ.

ನಾನು ಸುಮಾರು ಮೂವತ್ತು ವರ್ಷ ಸೊಳ್ಳೆ ಮರಿ ಹುಡುಕಿಕೊಂಡು ನಾಲೆ ಏರಿಗಳ ಮೇಲೆ ನಡೆದಿದ್ದೇನೆ. ದೊಡ್ಡ ನಾಲೆಯಲ್ಲಿ ನೀರು ಭರ್ತಿ ಹರಿಯುವಾಗ ಸೌಟು ಅದ್ದಿದರೆ ಏನೂ ಸಿಗುವುದಿಲ್ಲ. ಮರಿ ಸಿಗುವುದು ಏರಿಯ ಬುಡದಲ್ಲಿ. ಅಲ್ಲಿ ನಾಲೆ ನೀರು ಮಣ್ಣಿನೊಳಗಿಂದ ಜಿನುಗಿ ಜೌಗಾಗಿರುತ್ತದೆ. ಎಮ್ಮೆ ಅಲ್ಲಿ ನಡೆದು ಹೋಗಿರುತ್ತದೆ. ಒಂದೊಂದು ಗೊರಸಿನ ಗುಳಿಯಲ್ಲೂ ಒಂದು ಲೋಟದಷ್ಟು ತಿಳಿನೀರು, ಮೇಲೆ ಬಿಸಿಲು. ಮಂಡಿಯೂರಿ ಕೂತು ಬಗ್ಗಿ ನೋಡಿದರೆ ಮೊದಲು ಏನೂ ಕಾಣುವುದಿಲ್ಲ. ನಮ್ಮ ನೆರಳು ಬಿದ್ದ ಕೂಡಲೇ ಮರಿಗಳು ತಳಕ್ಕೆ ಇಳಿದಿರುತ್ತವೆ. ಉಸಿರು ಹಿಡಿದು ಒಂದೆರಡು ನಿಮಿಷ ಸುಮ್ನೆ ಇರಬೇಕು. ಒಂದೊಂದಾಗಿ ಮೇಲೆ ಬರುತ್ತವೆ. ಅಕ್ಕಿಕಾಳಿಗಿಂತ ಸಣ್ಣ, ಕಂದು ಬಣ್ಣದ ಕಡ್ಡಿಗಳು. ನೀರಿನ ಮೇಲ್ಮೈಗೆ ಅಂಟಿಕೊಂಡಂತೆ ಮಟ್ಟಸವಾಗಿ ಮಲಗುತ್ತವೆ. ಹೀಗೆ ಮಟ್ಟಸ ಮಲಗಿದರೆ ಅನಾಫಿಲಿಸ್. ತಲೆ ಕೆಳಗೆ ಮಾಡಿ ಓರೆಯಾಗಿ ನೇತಾಡುತ್ತಿದ್ದರೆ ಕ್ಯೂಲೆಕ್ಸ್ ಅಥವಾ ಡೆಂಗಿಯ ಈಡಿಸ್. ಇದಕ್ಕೆ ಯಾವ ಯಂತ್ರವೂ ಬೇಡ. ನಿಮ್ಮೂರಿನ ಮಕ್ಕಳಿಗೂ ಒಂದೇ ದಿನದಲ್ಲಿ ಕಲಿಸಬಹುದು, ದಯವಿಟ್ಟು ಕಲಿಸಿ.

ಇದನ್ನು ಇಟ್ಟುಕೊಂಡು ನಿಮ್ಮೂರು, ಮೇಲಿನ ಊರು ಎರಡನ್ನೂ ನೋಡಿ. ಮೇಲಿನವರಿಗೆ ನೀರು ಮೊದಲು ಸಿಕ್ಕಿದೆ. ಅವರ ಪೈರು ಈಗ ಮೊಣಕಾಲುದ್ದ ಬಂದಿರಬೇಕು. ಪೈರು ಒಂದಡಿ ದಾಟಿತು ಅಂದರೆ ಕ್ಯುಲಿಸಿಫೇಸಿಸ್ ಆ ಗದ್ದೆಯನ್ನು ಬಿಡುತ್ತದೆ. ಇದರ ಹಿಂದೆ ನನಗೆ ತುಂಬಾ ಇಷ್ಟವಾದ ಒಂದು ಪ್ರಯೋಗ ಇದೆ. ಕಾವೇರಿಯ ಇನ್ನೊಂದು ತುದಿಯಲ್ಲಿ, ತಂಜಾವೂರು ಸೀಮೆಯ ಪಟ್ಟುಕ್ಕೋಟೈಯಲ್ಲಿ, ಮಲೇರಿಯಾ ಸಂಶೋಧಕರಾದ ಪಾಲ್ ರಸೆಲ್ ಮತ್ತು ರಾಮಚಂದ್ರ ರಾವ್ 1940ರ ದಶಕದ ಆರಂಭದಲ್ಲಿ ಮಾಡಿದ್ದು. ಅಲ್ಲೂ ಮೆಟ್ಟೂರು ಅಣೆಕಟ್ಟೆಯ ನೀರು ಬಂದ ಮೇಲೆ ಮಲೇರಿಯಾ ಏರಿತ್ತು. ಪೈರು ಬೆಳೆದಾಗ ಸೊಳ್ಳೆ ಯಾಕೆ ಮೊಟ್ಟೆ ಇಡುವುದಿಲ್ಲ, ನೆರಳಿಗೋ ಅಥವಾ ಬೇರೆ ಕಾರಣವೋ ಅಂತ ಅವರಿಗೆ ಅನುಮಾನ. ನೆರಳೇ ಕೊಡದ ಗಾಜಿನ ಕಡ್ಡಿಗಳನ್ನು ನೀರಿನಲ್ಲಿ ಪೈರಿನ ಹಾಗೆ ನೆಟ್ಟು ನೋಡಿದರು. ಆಗಲೂ ಸೊಳ್ಳೆ ಮೊಟ್ಟೆ ಇಡಲಿಲ್ಲ! ಈ ಸೊಳ್ಳೆ ನೀರಿನ ಮೇಲೆ ತೇಲಾಡುವಂತೆ ಹಾರುತ್ತಾ, ಕುಣಿಯುತ್ತಾ ಮೊಟ್ಟೆ ಉದುರಿಸುತ್ತದೆ. ಕುಣಿಯಲು ಜಾಗ ಬೇಕು. ಪೈರು ಎದ್ದು ನಿಂತರೆ ಜಾಗ ಇಲ್ಲ. ಹಾಗಾಗಿ ಗದ್ದೆಯಿಂದ ಅಪಾಯ ಇರುವುದು ಕೆಸರು ಮಾಡಿ ನೀರು ನಿಲ್ಲಿಸಿದ ದಿನದಿಂದ ನಾಟಿಯಾಗಿ ನಾಲ್ಕೈದು ವಾರದವರೆಗೆ. ಆಮೇಲೆ ಗದ್ದೆ ತುಂಬಾ ನೀರಿದ್ದರೂ ಮಲೇರಿಯಾ ಸೊಳ್ಳೆಗೆ ಅದು ಮುಚ್ಚಿದ ಬಾಗಿಲು. ಅಲ್ಲಿ ಆಮೇಲೆ ಹೆಚ್ಚುವುದು ಮಿದುಳು ಜ್ವರ ತರುವ ಕ್ಯೂಲೆಕ್ಸ್, ಆ ಚಿಂತೆ ಬೇರೆ.

ನಿಮ್ಮೂರಿನ ಕಥೆ ಬೇರೆ. ಕೊನೆ ಭಾಗಕ್ಕೆ ನೀರು ತಡವಾಗಿ, ಕಮ್ಮಿ ಬಂದಿದೆ. ಬಂದು ನಿಂತಿದೆ. ಸೀಳುನಾಲೆಗಳಲ್ಲಿ ಹರಿವು ನಿಂತು ಅಲ್ಲಲ್ಲಿ ಮಡುಗಟ್ಟಿದೆ. ಹೂಳು, ಹುಲ್ಲು ತುಂಬಿದ ಕಡೆ ನೀರು ಇಳಿಯುವುದೇ ಇಲ್ಲ. ಒಂದು ಕಟ್ಟು ನೀರು ನಿಂತು ಇನ್ನೊಂದು ಕಟ್ಟು ಬರುವಷ್ಟರಲ್ಲಿ ಹದಿನೈದು ದಿನ ಕಳೆದರೆ ಆ ಮಡುಗಳಲ್ಲಿ ಒಂದು ತಲೆಮಾರು ಸೊಳ್ಳೆ ಹುಟ್ಟಿ ಹಾರಿಹೋಗಿರುತ್ತದೆ. ಕಟ್ಟು ಪದ್ಧತಿಯೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನಡುನಡುವೆ ಗದ್ದೆ ಪೂರ್ತಿ ಒಣಗಿದರೆ ಮರಿಗಳು ಸಾಯುತ್ತವೆ, ಅದು ಒಳ್ಳೆಯದೇ. ಆದರೆ ಪೂರ್ತಿ ಒಣಗಬೇಕು. ಅರ್ಧ ಒಣಗಿ ಗುಂಡಿಗಳಲ್ಲಿ ನೀರು ಉಳಿದರೆ ಹಿಂದಿಗಿಂತ ಕೆಟ್ಟದು.

ಬರಗಾಲದಲ್ಲಿ ಮಲೇರಿಯಾ ಬರುತ್ತದೆಯೇ ಅಂತ ಯಾರಾದರೂ ಅನುಮಾನಪಟ್ಟರೆ ನಾನು 1934–35ರ ಸಿಲೋನ್, ಅಂದರೆ ಈಗಿನ ಶ್ರೀಲಂಕಾದ ಕಥೆ ಹೇಳುತ್ತೇನೆ. ಅಲ್ಲಿ ವರ್ಷವಿಡೀ ತುಂಬಿ ಹರಿಯುವ ನದಿಗಳಿರುವ ಭಾಗದಲ್ಲಿ ಮಲೇರಿಯಾ ಹೆಚ್ಚೇನೂ ಇರಲಿಲ್ಲ. 1934ರಲ್ಲಿ ಮಳೆ ಕೈಕೊಟ್ಟಿತು. ನದಿ ಬತ್ತಿ, ಪಾತ್ರದಲ್ಲಿ ಬಂಡೆಗಳ ನಡುವೆ ಸಾವಿರಾರು ಮಡುಗಳು ಉಳಿದವು. ತಿಳಿನೀರು, ಬಿಸಿಲು. ಇದೇ ಕ್ಯುಲಿಸಿಫೇಸಿಸ್ ಅಲ್ಲಿ ಬೆಳೆಯಿತು. ಕೆಲವೇ ತಿಂಗಳಲ್ಲಿ ಸುಮಾರು 80,000 ಜನ ಸತ್ತರು. ನಮ್ಮ ಕಾವೇರಿಯೂ ಕಟ್ಟೆ ತುಂಬದ ವರ್ಷ ಹೀಗೇ ಕಾಣುತ್ತದೆ. 2023ರಲ್ಲಿ ಕಟ್ಟೆ ತುಂಬಲಿಲ್ಲ, ನಿಮಗೆ ನೆನಪಿರಬಹುದು. ಹೊಳೆ ಕಾಲುವೆಯಾಗಿ, ಬಂಡೆಗಳ ಸಂದಿಯಲ್ಲಿ ನೀರು ಕನ್ನಡಿಯ ಹಾಗೆ ನಿಂತಿರುತ್ತದೆ. ಭಾರಿ ಮಳೆ ಬಂದು ಹೊಳೆ ಕೊಚ್ಚಿ ಹರಿದರೆ ಆ ಮರಿಗಳೆಲ್ಲ ತೊಳೆದುಹೋಗುತ್ತವೆ. ಅಪಾಯ ಇರುವುದು ಮಳೆ ಬಂದು ಬಿಟ್ಟ ಮೇಲಿನ ಬಿಸಿಲಿನ ದಿನಗಳಲ್ಲಿ, ಹಾಗೇ ಹೊಳೆ ಬತ್ತುವ ದಿನಗಳಲ್ಲಿ.

ನೀರಿನ ಮಾತಾಯಿತು. ಇನ್ನು ಸೆಕೆ, ತೇವ. ಸೊಳ್ಳೆ ಮಲೇರಿಯಾ ರೋಗಿಯನ್ನು ಕಚ್ಚಿದ ಕೂಡಲೇ ಇನ್ನೊಬ್ಬರಿಗೆ ಅಂಟಿಸಲಾರದು. ರೋಗದ ಜೀವಿ ಅದರ ಹೊಟ್ಟೆಯಲ್ಲಿ ಬೆಳೆದು ಜೊಲ್ಲಿಗೆ ಬರಬೇಕು. ವೈವ್ಯಾಕ್ಸ್ ಆದರೆ 25 ಡಿಗ್ರಿ ಸೆಕೆಯಲ್ಲಿ ಅದಕ್ಕೆ ಸುಮಾರು 10 ದಿನ ಬೇಕು. 20 ಡಿಗ್ರಿಯಲ್ಲಿ ಸುಮಾರು 19 ದಿನ. 15 ಡಿಗ್ರಿಯ ಹತ್ತಿರ ಬೆಳವಣಿಗೆ ನಿಂತೇ ಹೋಗುತ್ತದೆ. ಸೊಳ್ಳೆಯ ಆಯಸ್ಸು ಎಷ್ಟು? ದಿನಕ್ಕೆ ನೂರಕ್ಕೆ ಇಪ್ಪತ್ತು ಸಾಯುತ್ತವೆ ಅಂತಿಟ್ಟುಕೊಳ್ಳಿ. ಹತ್ತು ದಿನ ಕಳೆದಾಗ ನೂರರಲ್ಲಿ ಹತ್ತು–ಹನ್ನೊಂದು ಉಳಿದಿರುತ್ತವೆ. ಹತ್ತೊಂಬತ್ತು–ಇಪ್ಪತ್ತು ದಿನ ಕಳೆದರೆ ಒಂದೇ ಒಂದು. ಐದು ಡಿಗ್ರಿ ಸೆಕೆ ಕಮ್ಮಿಯಾದರೆ ರೋಗ ಹಂಚುವ ಸೊಳ್ಳೆ ಹತ್ತರಿಂದ ಒಂದಕ್ಕೆ ಇಳಿಯುತ್ತದೆ ಅಂದ ಹಾಗಾಯಿತು. ಗಾಳಿಯಲ್ಲಿ ತೇವ ಶೇ 60ಕ್ಕಿಂತ ಕೆಳಗಿಳಿದರೆ ಸೊಳ್ಳೆ ಇನ್ನೂ ಬೇಗ ಸಾಯುತ್ತದೆ. ಮಾರ್ಚ್ ತಿಂಗಳ ಒಣ ಬಿಸಿಲಿನಲ್ಲಿ ಮಲೇರಿಯಾ ಕುಗ್ಗುವುದು ಅದಕ್ಕೇ.

ಮಂಡ್ಯ, ಮೈಸೂರಿನ ಹವೆ ಹಿತವಾದದ್ದು ಅಂತ ನಾವೆಲ್ಲ ಹೇಳಿಕೊಳ್ಳುತ್ತೇವೆ. ಸೊಳ್ಳೆಗೂ ಅದು ಹಿತವೇ. ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ಸ್ವಲ್ಪ ನಿಧಾನವಾಗುತ್ತದೆ, ಅಷ್ಟೇ. ಆಗಲೂ ಈ ಸೊಳ್ಳೆ ಹಗಲೆಲ್ಲ ಇರುವುದು ಹೊರಗಲ್ಲ, ಮನೆ ಮತ್ತು ಕೊಟ್ಟಿಗೆಯ ಗೋಡೆ ಮೇಲೆ. ಹಾಗಾಗಿ ಹವಾಮಾನ ಇಲಾಖೆಯ ಲೆಕ್ಕಕ್ಕಿಂತ ನಿಮ್ಮ ಕೊಟ್ಟಿಗೆಯೊಳಗೆ ಸೆಕೆ, ತೇವ ಎಷ್ಟಿದೆ ಅನ್ನುವುದೇ ಅದಕ್ಕೆ ಮುಖ್ಯ.

ಮೈಸೂರು ನಗರದ ಲೆಕ್ಕ ಬೇರೆ. ಅಲ್ಲಿ ಅನಾಫಿಲಿಸ್ ಸ್ಟೀಫೆನ್ಸೈ ಅನ್ನುವ ಪೇಟೆಯ ಸೊಳ್ಳೆಯ ಮೇಲೆ ಕಣ್ಣಿಡಬೇಕು. ಅದು ಮುಚ್ಚಳ ಇಲ್ಲದ ತಾರಸಿ ಟ್ಯಾಂಕು, ಸಂಪು, ಕಟ್ಟಡ ಕೆಲಸದ ಕ್ಯೂರಿಂಗ್ ನೀರಿನಲ್ಲಿ ಬೆಳೆಯುತ್ತದೆ. ಮಂಗಳೂರನ್ನು ವರ್ಷಗಟ್ಟಲೆ ಕಾಡಿದ್ದು ಇದೇ. ಕಾಡಂಚಿನ ಎಚ್.ಡಿ. ಕೋಟೆ ಕಡೆ ಹೋದರೆ ತೊರೆಗಳಲ್ಲಿ ಬೆಳೆಯುವ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಅನ್ನುವ ಸೊಳ್ಳೆ ಲೆಕ್ಕಕ್ಕೆ ಬರುತ್ತದೆ. ಒಂದೇ ಮಳೆ ಮೂರು ಕಡೆ ಬಿದ್ದರೂ ಮೂರು ಕಡೆ ಮೂರು ಥರ ಫಲ.

ಈಗ ನಿಮ್ಮ ಬೀದಿಯ ಮೂವರು. ನಾಲೆಗೆ ನೀರು ಬಿಟ್ಟ ದಿನಾಂಕ ಬರೆದಿಟ್ಟುಕೊಳ್ಳಿ. ಮರಿ ಸೊಳ್ಳೆಯಾಗಲು ಹತ್ತು ದಿನ, ಸೊಳ್ಳೆಯೊಳಗೆ ರೋಗ ಬಲಿಯಲು ಹತ್ತು ದಿನ, ಮನುಷ್ಯನಲ್ಲಿ ಜ್ವರ ಕಾಣಲು ಎರಡು ವಾರ. ಅಂದರೆ ನೀರು ಬಿಟ್ಟ ಐದಾರು ವಾರಕ್ಕೆ ಮೊದಲ ಜ್ವರ. ನಿಮ್ಮ ಮೂವರ ದಿನಾಂಕ ಇದಕ್ಕೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಇನ್ನೊಂದು ದಾರಿ ಇದೆ. ವೈವ್ಯಾಕ್ಸ್ ಜೀವಿ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಅಡಗಿ ಮಲಗಿ, ಮತ್ತೆ ಎದ್ದು ಜ್ವರ ತರಬಲ್ಲದು. ಇವತ್ತಿನ ಜ್ವರ ಹೋದ ವರ್ಷದ ಕಡಿತದ್ದಿರಬಹುದು. ಅದಕ್ಕೇ ಮೊದಲ ಮೂರು ದಿನದ ಗುಳಿಗೆಗೆ ಜ್ವರ ಬಿಟ್ಟರೂ 14 ದಿನದ ಪ್ರೈಮಾಕ್ವಿನ್ ಮುಗಿಸಲೇಬೇಕು. ಹೊಲದ ಕೆಲಸ ಅಂತ ಐದನೇ ದಿನಕ್ಕೆ ಬಿಟ್ಟವರನ್ನು ನಾನು ಬಹಳ ನೋಡಿದ್ದೇನೆ. ನಾಲ್ಕು ತಿಂಗಳಿಗೆ ಮತ್ತೆ ಕಂಬಳಿ ಹೊದ್ದು ನಡುಗುತ್ತಾ ಕೂತಿರುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಗರ್ಭಿಣಿಯರಿಗೆ, ಎಳೆ ಮಕ್ಕಳಿಗೆ ಈ ಗುಳಿಗೆ ಕೊಡುವ ಹಾಗಿಲ್ಲ. ಜಿ6ಪಿಡಿ ಅನ್ನುವ, ಕೆಂಪು ರಕ್ತಕಣಗಳಲ್ಲಿರುವ ಕಿಣ್ವದ ಕೊರತೆ ಇರುವವರಿಗೂ ಅಪಾಯ. ಆದ್ದರಿಂದ ಅಂಗಡಿಯಿಂದ ತಂದು ನುಂಗಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರದವರೇ ಕೊಡಲಿ.

ಆಲೆಮನೆಗೆ, ಕಬ್ಬು ಕಡಿಯಲು ಹೊರಗಿನಿಂದ ಬಂದವರು ಹತ್ತಿರದಲ್ಲಿದ್ದರೆ ಅವರಿಗೂ ರಕ್ತ ಪರೀಕ್ಷೆ ಮಾಡಿಸಲು ಆಶಾ ಕಾರ್ಯಕರ್ತೆಗೆ ಹೇಳಿ. ರೋಗ ತಂದರು ಅಂತ ಅವರನ್ನು ದೂರಬೇಡಿ. ನಾಲೆ ಏರಿಯ ಪಕ್ಕ ಗುಡಿಸಲು ಹಾಕಿಕೊಂಡು, ಪರದೆ ಇಲ್ಲದೆ ಮಲಗುವವರು ಅವರು. ಮೊದಲು ಕಚ್ಚಿಸಿಕೊಳ್ಳುವವರೂ ಅವರೇ. ಒಬ್ಬರಲ್ಲೂ ರೋಗವಿಲ್ಲದಿದ್ದರೆ ಸಾವಿರ ಸೊಳ್ಳೆಯಿದ್ದರೂ ಮಲೇರಿಯಾ ಹರಡುವುದಿಲ್ಲ. ನಮ್ಮ ಎರಡೂ ಜಿಲ್ಲೆಗಳಲ್ಲಿ ಈಗ ಮಲೇರಿಯಾ ಬಹಳ ಕಮ್ಮಿ ಇರುವುದು ಸೊಳ್ಳೆ ಹೋಯಿತು ಅಂತಲ್ಲ, ರೋಗಿಗಳನ್ನು ಬೇಗ ಹುಡುಕಿ ಔಷಧಿ ಕೊಡುತ್ತಿರುವುದರಿಂದಲೂ ಹೌದು. ಸೊಳ್ಳೆ ಇದ್ದೇ ಇದೆ. ದೇಶದಲ್ಲಿ 1960ರ ದಶಕದಲ್ಲಿ ಒಂದು ಲಕ್ಷಕ್ಕೆ ಇಳಿದಿದ್ದ ಪ್ರಕರಣಗಳು 1976ಕ್ಕೆ 64 ಲಕ್ಷ ದಾಟಿದ್ದನ್ನು ಮರೆಯುವ ಹಾಗಿಲ್ಲ. ನಿಮ್ಮ ಬೀದಿಯ ಮೂರು ಪ್ರಕರಣಗಳನ್ನು ನಾನು ಸಣ್ಣದು ಅಂತ ನೋಡುವುದಿಲ್ಲ.

ರೇಷ್ಮೆ ವಿಷಯ. ನಿಮ್ಮ ಭಯ ಸರಿಯಾದದ್ದು. ಗೋಡೆಗೆ ಹೊಡೆಯುವ ಔಷಧಿ ಸೊಳ್ಳೆ ಕೊಲ್ಲುವ ಹಾಗೆ ಹುಳುವನ್ನೂ ಕೊಲ್ಲುತ್ತದೆ. ಒಂದು ಚಾಕಿ (ಎಳೆ ಹುಳುಗಳ ತಂಡ) ಹೋದರೆ ಮನೆಯ ಎರಡು ತಿಂಗಳ ಲೆಕ್ಕವೇ ತಪ್ಪುತ್ತದೆ. ಕೋಲಾರ ಸೀಮೆಯ ರೇಷ್ಮೆ ಊರುಗಳಲ್ಲೂ ಇದೇ ಕಷ್ಟ ಬಂದಿತ್ತು. ಅಲ್ಲಿ ಸಂಶೋಧಕರು ಔಷಧಿ ಬಿಟ್ಟು ಬಾವಿ, ಕುಂಟೆಗಳಿಗೆ ಗಪ್ಪಿ, ಗಾಂಬೂಸಿಯಾ ಮೀನು ಬಿಟ್ಟರು. ಕ್ಯುಲಿಸಿಫೇಸಿಸ್‌ನಲ್ಲಿ ನೋಡಲು ಒಂದೇ ಥರ ಇರುವ ಐದು ಒಳಜಾತಿಗಳಿವೆ. ಅಲ್ಲಿನ ಬಾವಿಗಳಲ್ಲಿ ಬೆಳೆಯುತ್ತಿದ್ದದ್ದು ರೋಗ ಚೆನ್ನಾಗಿ ಹರಡುವ ‘ಎ’ ಅನ್ನುವುದು. ಹೊಳೆ, ಕುಂಟೆಗಳಲ್ಲಿದ್ದದ್ದು ಹೆಚ್ಚಾಗಿ ‘ಬಿ’, ಅದು ರೋಗ ಹರಡುವುದರಲ್ಲಿ ಹಿಂದೆ. ಮೀನು ಬಾವಿಯ ಸೊಳ್ಳೆ ಮರಿಗಳನ್ನು ತಿಂದಿತು, ಮಲೇರಿಯಾ ಇಳಿಯಿತು. ಅದಕ್ಕೇ ಕೇಳುತ್ತೇನೆ, ನಿಮ್ಮೂರಲ್ಲಿ ಸೇದದೆ ಬಿಟ್ಟ ತೆರೆದ ಬಾವಿ ಎಷ್ಟಿವೆ? ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಎಷ್ಟಿವೆ? ಇಟ್ಟಿಗೆಗೆ ಮಣ್ಣು ತೆಗೆದ ಗುಂಡಿಗಳು? ಮೊದಲು ಅವನ್ನು ಎಣಿಸಿ. ಆರೋಗ್ಯ ಇಲಾಖೆಯವರು ಗಪ್ಪಿ ಕೊಡುತ್ತಾರೆ. ಗಪ್ಪಿ ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ, ತಾನೇ ಹೆಚ್ಚುತ್ತದೆ. ಬಾವಿ, ಹೊಂಡಕ್ಕೆ ಮಾತ್ರ ಬಿಡಿ. ಕೆರೆ, ಹೊಳೆಗೆ ಬೇಡ, ಅಲ್ಲಿನ ನಮ್ಮ ಮೀನುಗಳಿಗೆ ತೊಂದರೆ. ಸೀಳುನಾಲೆಯ ಹೂಳು, ಹುಲ್ಲನ್ನು ನೀರು ಬಿಡುವ ಮೊದಲೇ ತೆಗೆಸಲು ನೀರಗಂಟಿಯನ್ನೂ ಪಂಚಾಯ್ತಿಯನ್ನೂ ಹಿಡಿದು ಕೇಳಿ. ಏರಿಯ ಬುಡದ ಜೌಗಿಗೆ ಒಂದು ಸಣ್ಣ ಬಸಿಗಾಲುವೆ ತೋಡಿದರೂ ಸಾಕು. ಕೀಟನಾಶಕ ಸವರಿದ ಪರದೆಯನ್ನು ಹುಳುಮನೆಯೊಳಗೆ ತರಬೇಡಿ. ಮಲಗುವುದೂ ಅಲ್ಲೇ ಆದರೆ ಸಾದಾ ಪರದೆಯೇ ಇರಲಿ.

ಕೊನೆಯದಾಗಿ ದನ. ಈ ಸೊಳ್ಳೆಗೆ ಮನುಷ್ಯರಿಗಿಂತ ದನದ ರಕ್ತವೇ ಇಷ್ಟ. ಮುಂಜಾನೆ ಬ್ಯಾಟರಿ ಹಿಡಿದು ಕೊಟ್ಟಿಗೆ ಗೋಡೆ ನೋಡಿ, ಹೊಟ್ಟೆ ಕೆಂಪಗೆ ಊದಿಕೊಂಡು, ಹಿಂಭಾಗ ಎತ್ತಿ ಓರೆಯಾಗಿ ಕೂತಿರುತ್ತವೆ. ಆ ರಕ್ತ ಬಹುಪಾಲು ಹಸುವಿನದು. ಹಾಗಾಗಿ ದನ ಇರುವುದು ನಿಮಗೆ ಒಂದು ಥರ ಕಾವಲು. ಬರ ಬಂದಾಗ ಜನ ದನ ಮಾರಿಬಿಡುತ್ತಾರೆ, ಆಗ ಸೊಳ್ಳೆ ನಮ್ಮ ಕಡೆ ತಿರುಗುತ್ತದೆ ಅನ್ನುವುದು ನನ್ನ ಎಣಿಕೆ. ಆದರೆ ಒಂದೇ ಸೂರಿನಡಿ ದನ ಕಟ್ಟಿ ಪಕ್ಕದಲ್ಲೇ ಮಲಗಿದರೆ ಕಾವಲೂ ಹೋಯಿತು, ಸೊಳ್ಳೆಯನ್ನು ಮನೆಗೆ ಕರೆದ ಹಾಗೂ ಆಯಿತು. ಪೂರ್ತಿ ದೂರ ಕಟ್ಟಬೇಡಿ. ನಾಲೆ ಯಾವ ದಿಕ್ಕಿಗಿದೆಯೋ ಆ ಕಡೆ, ನೀರಿಗೂ ಮನೆಗೂ ನಡುವೆ ಬೇರೆ ಕೊಟ್ಟಿಗೆ ಹಾಕಿ. ನಿಮ್ಮ ಮನೆ ಏರಿಯ ಕಡೆಗೇ ಮುಖ ಮಾಡಿದ್ದರೆ ಅಂಗಳದ ಆ ತುದಿಯೇ ಸರಿಯಾದ ಜಾಗ.